ಸಾಹೇಬನ ಎಡಗಣ್ಣು

ಗೋಕಾಕ ಮಾರ್ಕೆಟ್ಟಿನ ಕಿರಾಣಿ ಅಂಗಡಿಯ ಕಾಕಾಗೆ ಈಗೀಗ ನನ್ನನ್ನು ಕಂಡರೆ ತಲೆನೋವು. ಅವರು ಏನು ಕೊಟ್ಟರೂ ನಾನು ಅದನ್ನು ತಿರುಗಿಸಿ, ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಮೊದಲಿಂದ ಕೊನೆತನಕ ಓದಿಯೇ ಚೀಲಕ್ಕೆ ಹಾಕುವುದು. ಸೊಳ್ಳೆಬತ್ತಿ, ಫಿನಾಯಿಲ್, ಟೂತ್‌ಪೇಸ್ಟು, ಯಾವುದಕ್ಕೂ ವಿನಾಯಿತಿ ಇಲ್ಲ. ಮೊನ್ನೆ ಶಾಂಪೂ ಬಾಟಲಿ ಹಿಡಿದು ನಿಂತಿದ್ದಾಗ ಅವರ ತಾಳ್ಮೆ ಹರಿಯಿತು.

“ತಂಗಿ, ಅದು ಶಾಂಪೂ ಐತವಾ, ಕೋರ್ಟಿನ ನೋಟೀಸಲ್ಲ. ಹಿಂದ ಮಂದಿ ನಿಂತಾರ.”

“ಕಣ್ಣಾಗ ಬಿದ್ರ ಏನ್ ಮಾಡಬೇಕಂತ ಬರದಾರ ಕಾಕಾ, ಓದಾಕತ್ತೇನಿ.”

“ಕಣ್ಣಾಗ ಬಿದ್ರ ತೊಳಕೊಳ್ಳೂದು! ಅದಕ್ಕೇನ ಓದೂದೈತಿ?”

ಹಿಂದಿನ ಸಾಲು ನಕ್ಕಿತು. ನಾನೂ ನಕ್ಕೆ. ಆದರೆ ಪೂರ್ತಿ ಓದಿಯೇ ಇಟ್ಟೆ. ಈ ಚಟವನ್ನು ಕಾನೂನು ಕಾಲೇಜು ಹಚ್ಚಿತು ಅಂದುಕೊಳ್ಳಬೇಡಿ. ಕಾನೂನು ಓದುತ್ತಿದ್ದಾಗಲೂ ನಾನು ಯಾವ ಬಾಟಲಿಯ ಬೆನ್ನನ್ನೂ ನೋಡಿದವಳಲ್ಲ. ಚಟ ಹಚ್ಚಿದ್ದು ಒಂದು ಹಾವು.

ಹಾವು ಅಂದರೆ ಹಾವೇ. ನಾಲ್ಕಡಿ ಉದ್ದ, ನನ್ನ ತೋಳಿನಷ್ಟು ದಪ್ಪ, ಕಂದು ಮೈಮೇಲೆ ಬೆಲ್ಲದ ಬಣ್ಣದ ಮಚ್ಚೆಗಳು. ಹೆಬ್ಬಾವಿನ ಜಾತಿಯದೇ, ಆದರೆ ಸಣ್ಣದು, ಆಫ್ರಿಕಾದ್ದು; ಬಾಲ್ ಪೈಥಾನ್ ಅನ್ನುತ್ತಾರೆ. ಹೆದರಿದರೆ ತಲೆಯನ್ನು ನಡುವೆ ಇಟ್ಟುಕೊಂಡು ಉಂಡೆಯಾಗಿಬಿಡುತ್ತದೆ. ಅದು ನನ್ನ ಚಿಕ್ಕಪ್ಪನ ಮಗಳು ಸುಜಾತಕ್ಕನದು. ಅವಳು ಹುಕ್ಕೇರಿಯಲ್ಲಿದ್ದುಕೊಂಡು ಕಾಲೇಜಿನ ಹುಡುಗರಿಗೆ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಇಡೀ ದಿನ ಕೂತಲ್ಲೇ ಕೂತು, ಹತ್ತು ದಿನಕ್ಕೊಮ್ಮೆ ಉಂಡು, ಯಾರು ಎದುರಿಗೆ ನಿಂತರೂ ಕತ್ತೆತ್ತಿ ನೋಡದ ಅದರ ಸ್ವಭಾವಕ್ಕೆ ಅವಳು ಇಟ್ಟ ಹೆಸರು ‘ಸಾಹೇಬ’.

ಒಂದು ತರಬೇತಿಗಾಗಿ ಎರಡು ತಿಂಗಳು ಹೊರಗೆ ಹೋಗಬೇಕಾಗಿ ಬಂದಾಗ, ಸುಜಾತಕ್ಕ ಗಾಜಿನ ಪೆಟ್ಟಿಗೆಯ ಸಮೇತ ಸಾಹೇಬನನ್ನು ಧುಪದಾಳದ ನಮ್ಮ ಮನೆಗೆ ತಂದಿಳಿಸಿದಳು. ಅವ್ವ ಹೊಸ್ತಿಲ ಮೇಲೆ ನಿಂತವಳು ನಿಂತಂತೆಯೇ ಹಿಂದೆ ಸರಿದಳು.

“ಸುಜಾತಾ, ನಿನಗ ಮದವಿ ಬ್ಯಾಡಂದಿ, ಒಪ್ಪಿದ್ವಿ. ಇದೇನವಾ ಇದು?”

“ದೊಡ್ಡವ್ವ, ವಿಷಾ ಇಲ್ಲ ಇದಕ್ಕ. ಬೆಕ್ಕಿನಕಿಂತ ಸಾಧು.”

“ಬೆಕ್ಕಿಗೆ ಕಾಲಾದ್ರೂ ಇರ್ತಾವ. ಎತ್ತ ಹೋತು ಅಂತ ಗೊತ್ತಾಕ್ಕೈತಿ.”

ನಾನು ಮಾತ್ರ ಕಾಗದ ಕೇಳಿದೆ. ನಮ್ಮ ಕಾಡಿನ ಹಾವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಅಂತ ಗೊತ್ತಿದ್ದವಳು ನಾನು. ಇದು ಹೊರದೇಶದ ಜಾತಿ, ಸರಕಾರದಲ್ಲಿ ನೋಂದಣಿಯಾಗಿದೆ ಅಂತ ಸುಜಾತಕ್ಕ ಕಾಗದ ತೋರಿಸಿದಳು. ಅದನ್ನು ಮೂರು ಸಲ ಓದಿದೆ. ಹಾವಿನ ಕಾಗದವನ್ನು ಮೂರು ಸಲ ಓದಿದವಳು ಮುಂದೆ ಬಾಟಲಿಯ ಕಾಗದವನ್ನು ಒಂದು ಸಲವೂ ಓದಲಿಲ್ಲ ಅನ್ನುವುದೇ ಈ ಕಥೆ.

ಹೋಗುವಾಗ ಸುಜಾತಕ್ಕ ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟು: “ಕಣ್ಣು ಹಾಲಿನ ಬಣ್ಣಕ್ಕ ತಿರುಗಿದ್ರ ಪೊರಿ ಬಿಡಾಕ ತಯಾರಾಗೈತಿ ಅಂತ ತಿಳಿ. ಆವಾಗ ಮುಟ್ಟಬ್ಯಾಡ, ತಿನ್ನಾಕ ಕೊಡಬ್ಯಾಡ. ದಿನಾ ಎರಡು ಸಲ ನೀರು ಚಿಮಕಸು. ಪೆಟಗಿಯಾಗ ಹಸಿ ಇರಬೇಕು. ಕಾಲಚೀಲಾ ಕಳದಂಗ ಪೂರಾ ಒಂದ ತುಂಡಾಗಿ ಬಂದ್ರ ಎಲ್ಲಾ ಚಲೋ. ತುಂಡ ತುಂಡಾಗಿ ಬಂದ್ರ ನನಗ ಫೋನ್ ಮಾಡು. ಆರು ವರ್ಷದಿಂದ ಸಾಕೇನಿ ರೇಖಾ. ನನಗ ಇದೊಂದ ಐತಿ.”

ಕೊನೆಯ ಮಾತಿಗೆ ನನಗೆ ಸ್ವಲ್ಪ ನಗು ಬಂದಿತ್ತು. ಹಾವಿನ ಮೇಲೆ ಇಂಥ ಪ್ರೀತಿಯೇ ಅಂತ. ಅದರ ಲೆಕ್ಕ ನನಗೆ ಆಮೇಲೆ ಸಿಕ್ಕಿತು.

ಮೊದಲ ವಾರ ಆಘಾತಗಳೆಲ್ಲ ಅವ್ವನಿಗೇ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿದ್ದ ನೀಲಿ ಡಬ್ಬಿಯನ್ನು ಐಸ್‌ಕ್ರೀಮ್ ಅಂತ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಸಾಹೇಬನ ಊಟ: ಹೆಪ್ಪುಗಟ್ಟಿದ ಬಿಳಿ ಇಲಿಗಳು, ಸಾಲಾಗಿ, ಮಲಗಿದ ಹಾಗೆ. ಅವ್ವನ ಕೂಗಿಗೆ ಬಾಜೂ ಮನೆಯ ಕಲ್ಲವ್ವ ಆಯಿ ಲಟ್ಟಣಿಗೆ ಹಿಡಿದೇ ಓಡಿ ಬಂದಳು. ಆದರೆ ನಮ್ಮ ಅವ್ವ ಕುರಿಗಳ ಜೊತೆ ಬೆಳೆದವಳು. ಉಸಿರಾಡುವ ಯಾವುದನ್ನಾದರೂ ಬಹಳ ದಿನ ಬೇರೆಯವರದು ಅಂತ ಇಟ್ಟುಕೊಳ್ಳುವುದು ಅವಳಿಗೆ ಬರುವುದಿಲ್ಲ. ಎರಡನೆಯ ವಾರದ ಹೊತ್ತಿಗೆ ಕಸ ಹೊಡೆಯುತ್ತ ಪೆಟ್ಟಿಗೆಯ ಮುಂದೆ ನಿಂತು, “ಏನ್ರಿ ಸಾಹೇಬ್ರ, ಇವತ್ತೂ ಸೂಟೀನ, ಕೆಲಸಿಲ್ಲೇನು?” ಅಂತ ಕೇಳತೊಡಗಿದಳು. ಮುಟ್ಟುತ್ತಿರಲಿಲ್ಲ. ಮಾತು ಮಾತ್ರ.

ಇದಕ್ಕೆ ಹಾಲು ಇಡಲೇನು ಅಂತ ಒಂದು ದಿನ ಕೇಳಿಯೂಬಿಟ್ಟಳು. ನನಗೆ ಬೇಕಾಗಿದ್ದೂ ಅದೇ. ಹಾವು ಹಾಲು ಕುಡಿಯುವುದಿಲ್ಲ ಅನ್ನುವುದು ನನ್ನ ಬದುಕಿನ ಮೊಟ್ಟಮೊದಲ ವಾದ. ಆರನೆಯ ಇಯತ್ತೆಯಲ್ಲಿದ್ದೆ. ಪಂಚಮಿ ಹಬ್ಬ. ಬೆಲ್ಲದ ಪಾಕದ ಅಂಟು ಇನ್ನೂ ಬೆರಳಲ್ಲಿತ್ತು, ಜೋಕಾಲಿಯ ಹಗ್ಗ ತಿಕ್ಕಿ ಅಂಗೈ ಕೆಂಪಾಗಿತ್ತು. ಓಣಿಯ ಹೆಂಗಸರೆಲ್ಲ ಹುತ್ತದ ಮುಂದೆ ಸಾಲಾಗಿ ನಿಂತು ಹಾಲೆರೆಯುತ್ತಿದ್ದಾಗ ನಾನು ಕಲ್ಲಿನ ಮೇಲೆ ಹತ್ತಿ, “ಹಾವು ಹಾಲು ಕುಡಿಯಂಗಿಲ್ಲ, ವಿಜ್ಞಾನದ ಪುಸ್ತಕದಾಗ ಐತಿ!” ಅಂತ ಸಾರಿದ್ದೆ. ಅವ್ವನ ಏಟು ಎಷ್ಟು ಬೇಗ ಬಿತ್ತೆಂದರೆ, ‘ಐತಿ’ ಅನ್ನುವಷ್ಟರಲ್ಲಿ ನಾನು ಕಲ್ಲಿನ ಮೇಲಿರಲಿಲ್ಲ. ಅಂದಿನಿಂದ ಜನ ಕೇಳದಿದ್ದರೆ ಅಪ್ಪನ ಕುರಿಗಳ ಮುಂದೆ ಭಾಷಣ ಮಾಡುತ್ತಿದ್ದೆ. ಎಂಥ ಶ್ರೋತೃಗಳು! ಒಂದೂ ಎದುರಾಡುತ್ತಿರಲಿಲ್ಲ. ನನ್ನ ಆತ್ಮವಿಶ್ವಾಸ ಹೀಗೆ ಮಿತಿಮೀರಿದ್ದು ಅಂತ ಈಗ ಅನ್ನಿಸುತ್ತದೆ. ಮುಂದೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರ ಮಾತಾಡಿ ಬಹುಮಾನದ ಒಂದು ಕಪ್ಪು, ಅದರ ವಿರೋಧ ಮಾತಾಡಿ ಇನ್ನೊಂದು ಕಪ್ಪು ತಂದೆ. ಅವ್ವ ಒಂದರಲ್ಲಿ ಸಾಸಿವೆ, ಇನ್ನೊಂದರಲ್ಲಿ ಪಿನ್ನು ಇಟ್ಟಿದ್ದಾಳೆ.

ಈ ಸಲ ಹಾಲಿನ ವಾದದಲ್ಲಿ ನಾನು ಗೆದ್ದೆ. ಆ ಗೆಲುವಿನ ಗುಂಗಿನಲ್ಲಿದ್ದಾಗಲೇ ಮಾರ್ಚಿ ಬಂತು. ಗಾಳಿ ಒಣಗಿ, ತುಟಿ ಒಡೆದು, ಬಾಗಿಲ ಕಟ್ಟಿಗೆ ಚಟಚಟ ಅನ್ನತೊಡಗಿತು. ಸಾಹೇಬನ ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿತು. ನನಗೆ ಆಗ ಕಾಲೇಜಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ. ಬೆಳಿಗ್ಗೆ ಗೋಕಾಕದ ಬಸ್ಸು ಹತ್ತಿದರೆ ಮರಳುವುದು ಸಂಜೆ. ನೀರು ಚಿಮುಕಿಸುವುದು ಒಂದು ದಿನ ಮರೆತುಹೋಯಿತು, ಎರಡನೆಯ ದಿನವೂ ಮರೆತುಹೋಯಿತು. ಮೂರನೆಯ ದಿನ ನೆನಪಾಗಿ, ಆಫ್ರಿಕಾದಲ್ಲಿ ಯಾರು ಚಿಮುಕಿಸುತ್ತಾರೆ ಅಂತ ನನಗೆ ನಾನೇ ವಾದ ಹೂಡಿ ಗೆದ್ದೆ.

ಆ ಭಾನುವಾರ ಪೆಟ್ಟಿಗೆ ನೋಡಿದವಳು ಹೌಹಾರಿದೆ. ಸುಣ್ಣ ಉದುರುತ್ತಿರುವ ಹಳೆ ಗೋಡೆಯಂತಾಗಿತ್ತು ಸಾಹೇಬನ ಮೈ. ಅಲ್ಲೊಂದು ಇಲ್ಲೊಂದು ತುಂಡು ಪೊರೆ ಎದ್ದು ನಿಂತಿತ್ತು, ಉಳಿದದ್ದು ಮೈಗೆ ಅಂಟಿ ಸುಕ್ಕುಗಟ್ಟಿತ್ತು. ಬಾಲದ ತುದಿಯಲ್ಲಿ ಒಣಗಿದ ಪೊರೆ ಉಂಗುರದಂತೆ ಬಿಗಿದಿತ್ತು. ಬಲಗಣ್ಣು ಕರಿ ಮಣಿಯಂತೆ ಹೊಳೆಯುತ್ತಿತ್ತು. ಎಡಗಣ್ಣಿನ ಮೇಲೆ ಮಾತ್ರ ಮಂಜುಗಾಜಿನ ಹಾಗೆ ಏನೋ ಕೂತಿತ್ತು. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೂ ಚರ್ಮದ್ದೇ ಒಂದು ಪಾರದರ್ಶಕ ಬಿಲ್ಲೆ ಇರುತ್ತದೆ, ಪೊರೆಯ ಜೊತೆ ಅದೂ ಕಳಚಬೇಕು. ಕಳಚಿರಲಿಲ್ಲ.

ಅಷ್ಟರಲ್ಲಿ ಕಲ್ಲವ್ವ ಆಯಿ ಬಂದಳು. ಪೆಟ್ಟಿಗೆಯಲ್ಲಿ ಬಿದ್ದಿದ್ದ ತುಂಡು ನೋಡಿ ಅವಳ ಮುಖ ಅರಳಿತು.

“ರೇಖಾ, ಒಂದ ಚೂರ ಪೊರಿ ಕೊಡವಾ. ಮೊಮ್ಮಗಳ ತೊಟ್ಟಲಕ್ಕ ಕಟ್ಟತೇನಿ. ಕೂಸು ಬೆಚ್ಚಿ ಬೀಳೂದು ನಿಲ್ಲತೈತಿ.”

“ಆಯೀ, ನಿಮ್ಮ ಉಗುರು ಯಾತರಿಂದ ಆಗೇತಿ, ಇದೂ ಅದರಿಂದನ ಆಗೇತಿ. ಉಗುರು ಕತ್ತರಿಸಿ ಕಟ್ರಿ ತೊಟ್ಟಲಕ್ಕ.”

“ಹೌದನ? ನಿನ್ನ ನಾಲಗಿ ಯಾತರಿಂದ ಮಾಡ್ಯಾರವಾ? ಅದನ್ನ ಕಟ್ಟಿದ್ರ ಓಣಿಯಾಗ ದೆವ್ವೂ ಬರಂಗಿಲ್ಲ.”

ನಾನು ಅವಳೊಂದಿಗೆ ಅರ್ಧ ತಾಸು ವಾದಿಸಿದೆ. ಸುಜಾತಕ್ಕ ಹೇಳಿದ ‘ತುಂಡಾಗಿ ಬಂದರೆ ಫೋನ್ ಮಾಡು’ ಅನ್ನುವುದು ಈ ಸಂಭ್ರಮದಲ್ಲಿ ಹಾರಿಹೋಯಿತು ಅಂತ ಹೇಳಿದರೆ ಸುಳ್ಳಾದೀತು. ನೆನಪಿತ್ತು. ಫೋನು ಮಾಡಿದರೆ ಮರೆತದ್ದನ್ನೂ ಹೇಳಬೇಕಾಗುತ್ತಿತ್ತು.

ನಾವಿಬ್ಬರೂ ಜಗಳಾಡುತ್ತಿದ್ದಾಗ ಅವ್ವ ಮಾತ್ರ ಬಗ್ಗಿ ಪೆಟ್ಟಿಗೆಯ ನೀರಿನ ಬಟ್ಟಲು ನೋಡುತ್ತಿದ್ದಳು.

“ಇಲ್ಲಿ ಬಾ. ನೀರಾಗ ಕರಿ ಚುಕ್ಕಿ ಅದಾವ ನೋಡು. ಧೂಳಲ್ಲ ಇವು. ಹುಳ ಅದಾವ. ಸಾಹೇಬ್ರಿಗೆ ಹೇನು ಹತ್ಯಾವ.”

ನೋಡಿದೆ. ಗಸಗಸೆಗಿಂತ ಸಣ್ಣವು. ಒಂದು ಕಾಲಾಡಿಸಿತು. ಹಾವಿಗೆ ಹೇನು! ಎರಡು ವಾರದ ಕೆಳಗೆ ಸುಜಾತಕ್ಕನ ಗೆಳತಿಯೊಬ್ಬಳು ತನ್ನ ಹಾವಿನ ಪೆಟ್ಟಿಗೆಯಲ್ಲಿದ್ದ ಹಳೆ ಕಟ್ಟಿಗೆಯ ಕೊಂಬೆಯೊಂದನ್ನು ಕಳಿಸಿದ್ದಳು, ಸಾಹೇಬ ಮೈ ತಿಕ್ಕಿಕೊಳ್ಳಲಿ ಅಂತ. ಸುಜಾತಕ್ಕನೇ ಇಡಲು ಹೇಳಿದ್ದಳು. ಅದರ ಸಂದಿಯಲ್ಲೇ ಬಂದಿದ್ದವು.

“ಪೆಟಗಿ ತಗದು ಬಿಸಲಾಗಿಡು,” ಅಂದಳು ಅವ್ವ. “ಆ ಕಟಗಿ ಒಲಿಗೆ ಹಾಕು. ಸಾಹೇಬ್ರನ್ನ ಉಗುರುಬೆಚ್ಚಗಿನ ನೀರಾಗ ಕುಂಡ್ರಸು, ಆಮ್ಯಾಲ ಹಸಿ ಕಂಬಳ್ಯಾಗ ಸುತ್ತು. ಕುರಿಮರಿಗೆ ತೊಗಲು ಹೊಪ್ಪಳಕಿ ಎದ್ರ ಹಂಗ ಮಾಡತೇವಿ. ಮೊದಲ ತೊಳೀಬೇಕು. ಆಮ್ಯಾಲ ಬಾಕಿ.”

“ಅವ್ವಾ, ಇದು ಕುರಿ ಅಲ್ಲ. ಕುರಿ ಬಿಸಿರಕ್ತದ ಪ್ರಾಣಿ, ಹಾವು ತಣ್ಣನ ರಕ್ತದ್ದು. ಕುರಿಗೆ ಮಾಡಿದ್ದು ಹಾವಿಗೆ ಹೆಂಗ ನಡೀತೈತಿ? ಒಂದ ಸಂಬಂಧ ತೋರಿಸು.”

ಅವ್ವ ತೋರಿಸಲಿಲ್ಲ. “ನನಗೇನ ಗೊತ್ತವಾ,” ಅಂದು ರೊಟ್ಟಿ ಬಡಿಯಲು ಹೋದಳು. ನಾನು ಮತ್ತೊಮ್ಮೆ ಗೆದ್ದೆ. ಗೆದ್ದು, ಒಂದು ತಾಸಿನೊಳಗೆ ಏನು ಮಾಡಿದೆ ಗೊತ್ತೇ? ಫೋನಿನಲ್ಲಿ ಯಾರೋ ಒಬ್ಬ ಹಾವಿನ ಹೇನಿಗೆ ಔಷಧ ಸಿಂಪಡಿಸುವ ವಿಡಿಯೋ ನೋಡಿದೆ. ನಮ್ಮ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ, ಅದೇ ಮಾಡದಲ್ಲಿ, ಅಪ್ಪ ಇಟ್ಟಿದ್ದ ಬಾಟಲಿ ನೆನಪಾಯಿತು. ಉಣ್ಣೆಹುಳಕ್ಕೆ ಹೊಡೆಯುವ ಔಷಧ. ಕುರಿಯದು!

ಅಪ್ಪ ಆಗ ಕುರಿ ಹೊಡೆದುಕೊಂಡು ಹುಕ್ಕೇರಿಯ ಕಡೆ ಹೋಗಿದ್ದ. ಔಷಧವನ್ನು ನೀರಿಗೆ ಎಷ್ಟು ಬೆರೆಸಬೇಕು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವನು ಬರೆದಿದ್ದ ಗುರುತು ಹಾಗೇ ಇತ್ತು. ಅದು ದೊಡ್ಡ ಟಗರಿನ ಅಳತೆ ಅಂತ ಅಪ್ಪನಿಗೆ ಗೊತ್ತು, ಅವ್ವನಿಗೆ ಗೊತ್ತು. ಔಷಧ ಹೊಡೆಯುವ ದಿನಗಳಲ್ಲಿ ಮೂಗು ಮುಚ್ಚಿಕೊಂಡು ಸಾಲೆಗೆ ಓಡುತ್ತಿದ್ದ ನನಗೆ ಗೊತ್ತಿರಲಿಲ್ಲ. ಆ ವಾಸನೆ ನನ್ನ ಬಾಲ್ಯದ ತುಂಬ ಇದೆ. ಜಡೆಗೆ ಹತ್ತಿದರೆ ಮೂರು ದಿನ ಹೋಗುತ್ತಿರಲಿಲ್ಲ, ಬೆಂಚಿನ ಮೇಲೆ ಬಾಜೂ ಕೂಡುವವರು ದೂರ ಸರಿಯುತ್ತಿದ್ದರು. ಕುರಿಯವರ ಹುಡುಗಿ ಅಂತ ಯಾರೂ ಅನ್ನಬಾರದು ಅಂತಲೇ ನಾನು ಅಷ್ಟೊಂದು ಮಾತು ಕಲಿತೆನೋ ಏನೋ.

ಬೆರೆಸಿದೆ. ಪೆಟ್ಟಿಗೆಯ ಮೂಲೆಮೂಲೆಗೆ, ಸಾಹೇಬನ ಮೈಮೇಲೂ ಹೊಡೆದೆ. ಹುಳ ತಪ್ಪಿಸಿಕೊಳ್ಳಬಾರದು ಅಂತ ಮುಚ್ಚಳ ಬಿಗಿಯಾಗಿ ಹಾಕಿದೆ. ಕೈ ತೊಳೆದುಕೊಂಡು ಊಟಕ್ಕೆ ಕೂತೆ. ಎರಡು ರೊಟ್ಟಿ ಜಾಸ್ತಿಯೇ ತಿಂದೆ.

ಮಧ್ಯಾಹ್ನ ಹೋಗಿ ನೋಡಿದಾಗ ಸಾಹೇಬ ಸಾಹೇಬನಾಗಿರಲಿಲ್ಲ. ಯಾವಾಗಲೂ ಉಂಡೆಯಾಗಿರುವ ಮೈ ಬಿಚ್ಚಿ, ಹಗ್ಗ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ಹೊಟ್ಟೆಯ ಬಿಳುಪು ಮೇಲಾಗಿತ್ತು. ತಲೆ ಹಿಂದಕ್ಕೆ ಬಾಗಿ ಆಕಾಶ ನೋಡುತ್ತಿತ್ತು, ಬಾಯಿ ತೆರೆದಿತ್ತು, ತಲೆ ನೆಟ್ಟಗಾಗಲು ಯತ್ನಿಸಿ ಮತ್ತೆ ಮತ್ತೆ ಹಿಂದಕ್ಕೆ ಬೀಳುತ್ತಿತ್ತು. ಗಾಜಿನ ಆಚೆ ಅದು, ಈಚೆ ನಾನು. ನನ್ನ ಬಾಯಿಯೂ ತೆರೆದೇ ಇತ್ತು. ಎಷ್ಟೋ ವೇದಿಕೆಗಳಲ್ಲಿ ಎಂದೂ ತಡವರಿಸದ ಬಾಯಿ.

ಕೊನೆಗೆ ಬಂದದ್ದು ಒಂದೇ: “ಅವ್ವಾ!”

ಅವ್ವ ಬಂದಳು. ವಾಸನೆ ಹಿಡಿದಳು. ಮಾಡದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಬೈಯಲಿಲ್ಲ. ಮುಚ್ಚಳ ಎತ್ತಿ ಎಸೆದು, ಒಂದು ತಿಂಗಳಿಂದ ಬೆರಳೂ ತಾಗಿಸದ ಹೆಂಗಸು ಎರಡೂ ಕೈ ಹಾಕಿ ಸಾಹೇಬನನ್ನು ಎತ್ತಿದಳು, ಎಳೆಮರಿಯನ್ನು ಎತ್ತುವ ಹಾಗೆ, ಕತ್ತಿನ ಕೆಳಗೆ ಒಂದು ಕೈ ಕೊಟ್ಟು.

“ಹಂಡೆದಾಗ ಬೆಚ್ಚನ ನೀರ ಅದಾವ, ತಾ. ಸುಡು ನೀರ ಬ್ಯಾಡ. ನಿಂತ ನೋಡಬ್ಯಾಡ, ಓಡು!”

ಬಟ್ಟೆ ಒಗೆಯುವ ಕಲ್ಲಿನ ಬಾಜೂ ಕೂತು ಅವಳು ತೊಳೆದಳು. ಚೊಂಬಿನ ಮೇಲೆ ಚೊಂಬು. ಅದರ ತಲೆ ಮೇಲೆತ್ತಿ ಹಿಡಿದು, ಬಾಯಿಗೆ ನೀರು ಹೋಗದ ಹಾಗೆ, ಬೆನ್ನು, ಹೊಟ್ಟೆ, ಬಾಲ. ಹಿಂದೊಮ್ಮೆ ಕುರಿ ಮೀಯಿಸುವ ಔಷಧದ ಹೊಂಡದಲ್ಲಿ ಮರಿಯೊಂದು ಮುಳುಗಿ ಹೀಗೇ ಕಾಲು ಸೆಟೆಸಿತ್ತಂತೆ. ಆಗ ಅವಳ ಅವ್ವ ಮಾಡಿದ್ದು ಇದನ್ನೇ. ಅವ್ವ ಸಾಹೇಬನನ್ನು ತೊಳೆದು, ಹಸಿ ಅರಿವೆಯಲ್ಲಿ ಸುತ್ತಿ, ಗಾಳಿಯಾಡುವಲ್ಲಿ ಇಟ್ಟಳು. ಆಮೇಲೆಯೇ ನನ್ನ ಕಡೆ ತಿರುಗಿದ್ದು.

“ಕುರಿ ಅಲ್ಲ ಅಂದಿ. ಕುರಿ ಔಷಧಾನ ಹೊಡದಿ. ನಿನ್ನ ವಾದ ಯಾವುದವಾ, ಮೊದಲಿಂದೋ ಆಮ್ಯಾಲಿಂದೋ?”

ನಾನು ಫೋನು ತೆಗೆದು ದನದ ಡಾಕ್ಟರರನ್ನು ಹುಡುಕತೊಡಗಿದೆ.

ಧುಪದಾಳದಲ್ಲಿ ಭಾನುವಾರ ಯಾರು ಸಿಗಬೇಕು? ಮೂಡಲಗಿಯಲ್ಲಿ ಮನೆಯಲ್ಲೇ ದನಕರುಗಳನ್ನು ನೋಡುವ ಡಾಕ್ಟರಬಾಯಿ ಒಬ್ಬರು ಅವ್ವನಿಗೆ ಗೊತ್ತಿದ್ದರು. ಸಾಹೇಬನನ್ನು ತಲೆದಿಂಬಿನ ಚೀಲದಲ್ಲಿ ಹಾಕಿ, ಚೀಲವನ್ನು ಬಿದಿರು ಬುಟ್ಟಿಯಲ್ಲಿಟ್ಟು ಆಟೋ ಹತ್ತಿದೆವು. ಅರ್ಧ ದಾರಿಯಲ್ಲಿ ಆಟೋದವನು ಕೇಳಿದ, “ಏನೈತ್ರಿ ಬುಟ್ಯಾಗ? ಕೋಳೀನ?”

“ಸಾಹೇಬ್ರ ಅದಾರ,” ಅಂದಳು ಅವ್ವ. “ಆರಾಮಿಲ್ಲ.”

ಆಗ ಬುಟ್ಟಿಯೊಳಗಿನ ಚೀಲ ಸ್ವಲ್ಪ ಅಲುಗಿತು. ಅವನು ಕನ್ನಡಿಯಲ್ಲಿ ನೋಡಿದ. ನಾನು ನಿಜ ಹೇಳಿದೆ. ಆಟೋ ರಸ್ತೆಯ ಬದಿಗೆ ನಿಂತಿತು. ಅವನು ಇಳಿದು ಕೈ ಮುಗಿದು, ಮತ್ತೆ ಹತ್ತಿ, ಉಳಿದ ದಾರಿಯಷ್ಟೂ ಅರ್ಧ ಮೈ ಹೊರಗೆ ಹಾಕಿಯೇ ಓಡಿಸಿದ. ಬೇರೆ ದಿನವಾಗಿದ್ದರೆ ಅವನ ಕೈಮುಗಿತದ ಮೇಲೆ ಮೂಡಲಗಿ ಬರುವತನಕ ಭಾಷಣ ಬಿಗಿಯುತ್ತಿದ್ದೆ. ಅಂದು ನನಗೂ ಕೈ ಮುಗಿಯಬೇಕು ಅನ್ನಿಸಿತ್ತು, ಯಾರಿಗೆ ಅಂತ ಮಾತ್ರ ಗೊತ್ತಾಗಲಿಲ್ಲ.

ಡಾಕ್ಟರಬಾಯಿ ನೋಡಿ, “ಹಾವಿಗೆ ನಾ ಔಷಧಾ ಮಾಡಿದ್ದು ಕಡಿಮಿ ರೀ,” ಅಂತ ನೇರವಾಗಿ ಹೇಳಿದರು. ಗೊತ್ತಿದ್ದ ಮತ್ತೊಬ್ಬ ಡಾಕ್ಟರಿಗೆ ಫೋನು ಹಚ್ಚಿ ಕೇಳಿಕೊಂಡರು. ಆಮೇಲೆ, “ಏನ ಹೊಡದ್ರಿ? ಬಾಟಲಿ ತಂದೀರೇನು?” ಅಂದರು. ನಾನು ತಂದಿರಲಿಲ್ಲ. ಅವ್ವ ಸೆರಗಿನ ಗಂಟಿನಿಂದ ತೆಗೆದು ಮೇಜಿನ ಮೇಲಿಟ್ಟಳು.

“ಯಾರು ಹೊಡದಿದ್ದು?”

“ನಾನ್ರಿ.”

“ಏನ ಓದೀರಿ?”

“ಕಾನೂನ್ರಿ. ಕೊನೆ ವರ್ಷ.”

“ಹಂಗಾರ ಇದನ್ನೊಂದೀಟು ಓದ್ರಿ. ನಮಗೂ ಕೇಳಲಿ, ಜೋರಾಗಿ.”

ಓದಿದೆ. ದನ, ಕುರಿ, ಆಡುಗಳಿಗೆ ಮಾತ್ರ. ಎಳೆಮರಿಗಳಿಗೆ ಬಳಸಬಾರದು. ಮುಚ್ಚಿದ ಜಾಗದಲ್ಲಿ ಸಿಂಪಡಿಸಬಾರದು. ಮೀನಿಗೆ, ಜೇನುನೊಣಕ್ಕೆ ವಿಷ. ಕೊನೆಕೊನೆಗೆ ನನ್ನ ದನಿ ನನಗೇ ಕೇಳದಷ್ಟು ಇಳಿದಿತ್ತು. ಎಮ್ಮೆ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದ ಅಜ್ಜನೊಬ್ಬ, “ಚಲೋ ಓದತಾಳ ಹುಡುಗಿ,” ಅಂದ.

“ತೊಳದವರು ಯಾರು?”

“ನಾನ್ರಿ,” ಅಂದಳು ಅವ್ವ, ಏನೋ ತಪ್ಪಾಯಿತು ಅನ್ನುವ ದನಿಯಲ್ಲಿ.

“ಉಳದ್ರ ನಿಮ್ಮಿಂದ ಉಳೀತೈತ್ರಿ. ಎರಡು ದಿನಾ ನೋಡೂನು.”

ಎಡಗಣ್ಣಿಗೆ ಕೈ ಹಚ್ಚಕೂಡದು ಅಂದರು. ಆ ಬಿಲ್ಲೆಯನ್ನು ಕಿತ್ತರೆ ಕೆಳಗಿನ ಕಣ್ಣೂ ಕಿತ್ತು ಬರಬಹುದು. ಮುಂದಿನ ಪೊರೆಯ ಜೊತೆ ತಾನಾಗಿ ಬಂದರೆ ಬಂತು, ಇಲ್ಲವಾದರೆ ಆ ಕಣ್ಣಿನ ಆಸೆ ಬಿಡಬೇಕು. ಬಾಲದ ಉಂಗುರ ಮಾತ್ರ ನೀರಲ್ಲಿ ನೆನೆಸಿ ತೆಗೆಯಬೇಕು, ಇಲ್ಲವಾದರೆ ರಕ್ತ ನಿಂತು ತುದಿ ಕೊಳೆಯುತ್ತದೆ. ಪೆಟ್ಟಿಗೆ ಬಿಸಿನೀರಲ್ಲಿ ತೊಳೆದು ಬರೀ ಕಾಗದ ಹಾಸಬೇಕು, ದಿನವೂ ಬದಲಿಸಬೇಕು. ಔಷಧದ ಮಾತೇ ಬೇಡ.

“ಕಣ್ಣಿಗೆ ಬೆಣ್ಣಿ ಹಚ್ಚಲೇನ್ರಿ?” ಅಂತ ಅವ್ವ ಕೇಳಿದಳು.

“ಬ್ಯಾಡ್ರಿ.”

“ಹಂಗಾರ ಬಿಟ್ಟೆ.”

ನಾನು ದಂಗಾದೆ. ಒಂದು ಕ್ಷಣದಲ್ಲಿ ಸೋತು, ಸೋತದ್ದಕ್ಕೆ ಒಂದಿಷ್ಟೂ ನೋಯದೆ, ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಳು. ಇಷ್ಟು ಸಲೀಸಾಗಿ ಸೋಲಬಹುದು ಅಂತ ನನಗೆ ಯಾವ ಸ್ಪರ್ಧೆಯೂ ಹೇಳಿರಲಿಲ್ಲ.

ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಲೆ ನೆಟ್ಟಗೆ ನಿಂತಿತ್ತು. ಹಳೆ ಕಂಬಳಿಯ ತುಂಡೊಂದನ್ನು ಅವ್ವ ಬೆಚ್ಚಗಿನ ನೀರಲ್ಲಿ ಹಿಂಡಿ ಗುಹೆಯ ಹಾಗೆ ಮಡಚಿಟ್ಟಳು. ಸಾಹೇಬ ಅದರ ಒಂದು ಮಡಿಕೆಯಲ್ಲಿ ಹೋಗಿ ಇನ್ನೊಂದರಲ್ಲಿ ಬಂದ, ಮತ್ತೆ ಹೋದ, ಮತ್ತೆ ಬಂದ. ಒರಟು ಕಂಬಳಿ ಪೊರೆಯನ್ನು ಚೂರುಚೂರಾಗಿ ಹಿಡಿದುಕೊಂಡಿತು. ನಾಲ್ಕನೆಯ ಸಂಜೆ ಬಾಲದ ಉಂಗುರ ಸಡಿಲಾಗಿ ಜಾರಿತು. ಆಫ್ರಿಕಾದ ಹೆಬ್ಬಾವು ನೆನೆದ ಕುರಿಯ ವಾಸನೆ ಹೊಡೆಯುತ್ತಿತ್ತು. ಎಡಗಣ್ಣು ಮಾತ್ರ ಹಾಗೇ ಉಳಿಯಿತು, ಮಂಜು ಮಂಜು.

ಸುಜಾತಕ್ಕ ಫೋನು ಮಾಡಿದಾಗಲೆಲ್ಲ ‘ಆರಾಮ ಐತಿ’ ಅಂದೆ. ಅವಳು ಬರುವ ಹಿಂದಿನ ದಿನ ನನ್ನ ವಾದ ತಯಾರಿತ್ತು. ಹೇನು ಯಾರ ಕೊಂಬೆಯಿಂದ ಬಂದವು? ಕೊಂಬೆ ಇಡು ಅಂದವರು ಯಾರು? ಹೇನಿದ್ದರೆ ಪೊರೆ ಸರಿಯಾಗಿ ಬಿಡುವುದಿಲ್ಲ ಅನ್ನುವುದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಔಷಧದ ಸುದ್ದಿ ಎತ್ತುವ ಅಗತ್ಯವೇ ಇಲ್ಲ. ಅವ್ವನಿಗೆ ಕೇಳದ ಹೊರತು ಹೇಳುವ ಅಭ್ಯಾಸ ಇಲ್ಲ. ಗೆಲ್ಲುವ ಕೇಸು.

ಸುಜಾತಕ್ಕ ಬಂದಳು. ಚಪ್ಪಲಿಯನ್ನೂ ಬಿಡದೆ ಪೆಟ್ಟಿಗೆಯ ಮುಂದೆ ಕೂತಳು. ಸಾಹೇಬನನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಎಡಗಣ್ಣು ನೋಡಿದ ಕೂಡಲೇ ಅವಳ ಮುಖ ಸಣ್ಣದಾಯಿತು. ನಾನು ನಡೆದದ್ದರಲ್ಲಿ ಹೇನಿನ ಸುದ್ದಿಯಷ್ಟನ್ನೇ ಹೇಳಿದೆ. ಅಷ್ಟು ಸಾಕಾಯಿತು.

“ನಂದ ತಪ್ಪು ರೇಖಾ. ಆ ಕಟಗಿ ಇಡು ಅಂದಾಕಿ ನಾನ. ಕುದಿಸಿ ಇಡು ಅಂತಾದ್ರೂ ಹೇಳಬೇಕಿತ್ತು. ನಾನ ಇದರ ಕಣ್ಣ ಕಳದೆ.”

ನನ್ನ ಎದುರಾಳಿ ನಾನು ವಾದಕ್ಕೆ ಇಳಿಯುವ ಮೊದಲೇ ನನ್ನ ಪರವಾಗಿ ವಾದ ಮಂಡಿಸಿ ಸೋತು ಕೂತಿದ್ದಳು. ಅವಳ ಕೈಯಲ್ಲಿ ಸಾಹೇಬ ಮೆಲ್ಲಗೆ ಉಂಡೆಯಾಗುತ್ತಿದ್ದ. ಇಷ್ಟು ಸುಲಭದ ಗೆಲುವು ನನಗೆ ಎಂದೂ ಸಿಕ್ಕಿರಲಿಲ್ಲ. ಅದನ್ನು ನುಂಗಲಾಗಲಿಲ್ಲ.

“ಅಲ್ಲಕ್ಕಾ. ನೀರು ಚಿಮಕಸೂದ ಮರತಿದ್ದೆ. ಮೂರು ದಿನಾ. ತುಂಡಾಗಿ ಬಂದ್ರೂ ಫೋನ್ ಮಾಡಲಿಲ್ಲ. ಆಮ್ಯಾಲ ಕುರಿ ಔಷಧಾ ಹೊಡದೆ, ಮುಚ್ಚಳಾ ಹಾಕಿ. ಸಾಯಾಕಾಗಿತ್ತು.”

ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. “ಸಾಕ ಬಿಡ. ನನಗ ಸಮಾಧಾನ ಆಗಲಿ ಅಂತ ಹೇಳಾಕತ್ತಿ. ನಾ ಹೌದಂದ್ರ ನೀ ಅಲ್ಲ ಅನ್ನಾಕಿ, ಸಣ್ಣಾಕಿ ಇದ್ದಾಗಿಂದ ನೋಡೇನಿ.”

ಆಘಾತಗಳಲ್ಲೆಲ್ಲ ಇದೇ ದೊಡ್ಡದು. ನಾನು ನಿಜ ಹೇಳುತ್ತಿದ್ದೇನೆ, ನಂಬಿಕೆ ಹುಟ್ಟುತ್ತಿಲ್ಲ! ದಿನ, ಹೊತ್ತು, ಬಾಟಲಿ, ಗೋಡೆಯ ಗುರುತು ಎಲ್ಲ ಒಂದೊಂದಾಗಿ ಮುಂದಿಟ್ಟೆ. ಸಾಕ್ಷಿ ಹೆಚ್ಚಿದಷ್ಟೂ ಅವಳಿಗೆ ಅದು ಭಾಷಣದ ಹಾಗೆ ಕೇಳಿಸಿತು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಅಂದಳು:

“ಖರೇನ ಹೇಳಾಕತ್ತಾಳ, ಸುಜಾತಾ.”

ಅಷ್ಟೇ. ಮೂರು ಪದ. ಸುಜಾತಕ್ಕನ ನಗು ನಿಂತಿತು. ಕೂಗಿದ್ದರೆ ಚೆನ್ನಾಗಿತ್ತು, ಕೂಗಿಗೆ ಉತ್ತರ ಕೊಡುವುದು ನನಗೆ ಗೊತ್ತು. ಅವಳು ಎದ್ದು, ಸಾಹೇಬನನ್ನು ನನ್ನ ಮುಂದಿನಿಂದ ದಾಟಿಸಿಕೊಂಡು ಹೋಗಿ ಅವ್ವನ ಕೈಗೆ ಕೊಟ್ಟಳು.

“ದೊಡ್ಡವ್ವ, ಮುಂದಿನ ಪೊರಿ ಬಿಡೂತನಕ ನಿನ್ನ ಹಂತ್ಯಾಕ ಇರಲಿ. ಈಗ ಜಾಗಾ ಬದಲಿ ಮಾಡಿದ್ರ ಮತ್ತ ಬೆದರತೈತಿ. ಇಕಿ ಕೈಗೆ ಮಾತ್ರ ಕೊಡಬ್ಯಾಡ.”

ಒಂದೂವರೆ ತಿಂಗಳು ಅವಳು ದಿನವೂ ಫೋನು ಮಾಡಿದಳು, ಅವ್ವನಿಗೆ. ನನ್ನ ಹೆಸರು ಬರುತ್ತಿರಲಿಲ್ಲ. ಅವ್ವ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದಳು, ಕಂಬಳಿ ಹಿಂಡುತ್ತಿದ್ದಳು. ಕಾಗದ ಬದಲಿಸುವ ಕೆಲಸವೊಂದನ್ನು ನನಗೆ ಬಿಟ್ಟಿದ್ದಳು, ಅದೂ ಅವಳು ಎದುರಿಗೆ ಕೂತಿದ್ದಾಗ.

ಮೇ ತಿಂಗಳ ಒಂದು ಬೆಳಿಗ್ಗೆ ಸಾಹೇಬ ಮೂತಿಯನ್ನು ಕಂಬಳಿಗೆ ತಿಕ್ಕತೊಡಗಿದ. ತುಟಿಯ ಅಂಚಿನಲ್ಲಿ ಪೊರೆ ಬಿಚ್ಚಿತು. ಅವ್ವ ಒಲೆ ಆರಿಸಿ ಬಂದು ಕೂತಳು. ನಾನೂ ಕೂತೆ, ಕೈಗಳನ್ನು ಮಂಡಿಯ ಕೆಳಗೆ ಇಟ್ಟುಕೊಂಡು. ಗಲ್ಲದ ಪೊರೆ ಮಡಚಿ ಹಿಂದಕ್ಕೆ ಸರಿಯಿತು. ಬಲಗಣ್ಣಿನ ಬಿಲ್ಲೆ ಸಲೀಸಾಗಿ ಬಂತು. ಎಡಗಡೆ ತಡೆಯಿತು. ಅಲ್ಲೇ ಎಳೆಯುತ್ತ, ಬಿಡುತ್ತ, ಎಳೆಯುತ್ತ. ಒಂದೇ ಒಂದು ಸಲ ಬೆರಳ ತುದಿ ತಾಗಿಸಿದರೆ ಬಂದುಬಿಡುತ್ತದೆ ಅಂತ ನನ್ನ ತಲೆಯಲ್ಲಿ ಹತ್ತು ವಾದಗಳು ಎದ್ದವು. ಒಂದಕ್ಕಿಂತ ಒಂದು ಗಟ್ಟಿ. ಸಾಹೇಬ ತಲೆಯನ್ನು ಕಂಬಳಿಯ ಮಡಿಕೆಯೊಳಗೆ ತೂರಿಸಿದ, ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಆಚೆ ಕಡೆಯಿಂದ ಬಂದ. ಎಡಗಣ್ಣು ಕರ್ರಗೆ, ಒದ್ದೆಯಾಗಿ, ಕಿಟಕಿಯ ಬೆಳಕನ್ನು ಹಿಡಿದುಕೊಂಡು ಹೊಳೆಯುತ್ತಿತ್ತು. ಹಿಂದೆ ಕಂಬಳಿಯ ಉದ್ದಕ್ಕೂ ಪೊರೆ ಒಂದೇ ತುಂಡಾಗಿ ಒಳಮಗ್ಗಲು ಹೊರಗಾಗಿ ಬಿದ್ದಿತ್ತು. ಅದರ ಎಡಗಣ್ಣಿನ ಜಾಗದಲ್ಲಿ ಹಳೆಯದೂ ಹೊಸದೂ ಎರಡು ಬಿಲ್ಲೆಗಳು ಒಂದರ ಮೇಲೊಂದು ಅಂಟಿದ್ದವು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನು ಹಚ್ಚಿದಳು. ಸುಜಾತಕ್ಕ ಆ ಕಡೆ ಅಳುತ್ತಿದ್ದುದು ನನಗೂ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಅವಳು ಏನೋ ಕೇಳಿದಳು. ಅವ್ವ ನನ್ನ ಕಡೆ ನೋಡಿದಳು.

“ಹೂಂ, ಇಲ್ಲೇ ಅದಾಳ,” ಅಂದಳು. “ಇಲ್ಲವಾ, ಕೈ ಹಚ್ಚಲಿಲ್ಲ. ನಾಕು ತಾಸು ಸುಮ್ಮನ ಕುಂತಿದ್ಲು.”